ರಾಜನ ಮುಖದ ಮೇಲೆ ನನ್ನ ಮಾವನ ಮೂಗು

ನನ್ನ ಮಾವ ಯಾರನ್ನೂ ಎದುರಿನಿಂದ ನೋಡುತ್ತಿರಲಿಲ್ಲ. ಮನುಷ್ಯನ ನಿಜವಾದ ಮುಖ ಪಕ್ಕದಿಂದಲೇ ಕಾಣುವುದು, ಎದುರಿನದು ಬರೀ ನಾಟಕ ಎಂಬುದು ಅವರ ಖಚಿತ ಅಭಿಪ್ರಾಯ. ಮದುವೆಯ ಮಾತಿಗೆಂದು ನಾನು ಅವರ ಮನೆಗೆ ಹೋದ ದಿನ ಉಳಿದವರೆಲ್ಲ ನನ್ನ ಕೆಲಸ, ಸಂಬಳ ವಿಚಾರಿಸುತ್ತಿದ್ದರೆ ಇವರು ಕುರ್ಚಿ ಎಳೆದುಕೊಂಡು ನನ್ನ ಕಿವಿಯ ಪಕ್ಕಕ್ಕೆ ಬಂದು ಕೂತರು. "ಸ್ವಲ್ಪ ಆ ಕಡೆ ತಿರುಗಿ" ಎಂದರು. ತಿರುಗಿದೆ. ತುಂಬ ಹೊತ್ತು ನೋಡಿ, "ಗಲ್ಲ ಒಳಗಿದೆ. ಇರ್ಲಿ, ನಮ್ಮ ಹುಡುಗೀದು ಮುಂದಿದೆ, ಸರಿಹೋಗುತ್ತೆ" ಎಂದು ಒಪ್ಪಿಗೆ ಕೊಟ್ಟರು. ಆ ಮನೆಯ ಅಳಿಯನಾಗಿ ನಾನು ಪಡೆದ ಮೊದಲ ಪ್ರಶಂಸೆ ಅದು. ಕೊನೆಯದೂ ಅದೇ.

ಅವರು ಟಂಕಸಾಲೆಯಲ್ಲಿ ಕೆಲಸದಲ್ಲಿದ್ದವರು. ನಾಣ್ಯಕ್ಕೆ ಮುದ್ರೆ ಒತ್ತುವ ಉಕ್ಕಿನ ಅಚ್ಚು ಸವೆದರೆ ಅದನ್ನು ಸಣ್ಣ ಉಳಿಯಿಂದ ತಿದ್ದಿ ಚೊಕ್ಕ ಮಾಡುವುದು ಅವರ ಉದ್ಯೋಗ. ನಾಣ್ಯದ ಮೇಲೆ ರಾಜರು ಯಾವಾಗಲೂ ಪಕ್ಕಕ್ಕೆ ತಿರುಗಿಯೇ ಇರುವುದರಿಂದ ಮಾವನಿಗೂ ಅದೇ ಚಾಳಿ ಅಂಟಿತ್ತು. ಮನೆಯಲ್ಲಿ ಅವರ ಕುರ್ಚಿ ಗೋಡೆಗೆ ಒರಗಿರುತ್ತಿರಲಿಲ್ಲ, ಬಾಗಿಲಿಗೆ ಅಡ್ಡಲಾಗಿ ಇರುತ್ತಿತ್ತು. ಬೀದಿಯಲ್ಲಿ ಹೋಗಿಬರುವವರಿಗೆ ತಮ್ಮ ಮೂಗು ಸರಿಯಾಗಿ ಕಾಣಲಿ ಎಂದು. ಚಿಕ್ಕಂದಿನಲ್ಲಿ ಬಾಗಿಲು ಬಡಿದು ಆ ಮೂಗಿನ ನಡುವೆ ಒಂದು ಗಂಟು ಎದ್ದಿತ್ತು. ಉಳಿದವರಾದರೆ ಅದನ್ನು ಮುಚ್ಚಿಕೊಳ್ಳಲು ನೋಡುತ್ತಿದ್ದರು. ಇವರು ಅದನ್ನು ಪ್ರದರ್ಶನಕ್ಕೆ ಇಟ್ಟಿದ್ದರು.

ಬಂದವರೆಲ್ಲರಿಗೂ ಅವರು ಹೇಳುತ್ತಿದ್ದುದು ಒಂದೇ ಮಾತು. "ಈ ಮೂಗು ಒಂದು ಕಾಲಕ್ಕೆ ಇಡೀ ದೇಶದ ಜೇಬಲ್ಲಿತ್ತು, ಗೊತ್ತಾ?"

ಗೊತ್ತಿಲ್ಲ ಎಂದರೆ ಕತೆ ಶುರು. ಗೊತ್ತು ಎಂದರೂ ಶುರು. ನಮ್ಮ ದೇಶದ ಬೆಳ್ಳಿ ನಾಣ್ಯದ ಚರಿತ್ರೆಯನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಊಟದ ತಟ್ಟೆಯ ಮುಂದೆ, ಕೈ ಒಣಗಿಸಿಕೊಂಡು ಕೂತು ಕಲಿತೆ.

ಹಿಂದೆ ಪ್ರತಿಯೊಬ್ಬ ಪುಟ್ಟ ದೊರೆಗೂ ಅವನದೇ ನಾಣ್ಯ ಇತ್ತಂತೆ. ಒಂದು ಚೌಕ, ಒಂದು ಉರುಟು, ಇನ್ನೊಂದು ಬೇಳೆಯಷ್ಟು ಚಿಕ್ಕದು, ಕೈತಪ್ಪಿದರೆ ಮನೆಮಂದಿಯೆಲ್ಲ ನೆಲ ಗುಡಿಸಬೇಕು. ಜನ ನಾಣ್ಯವನ್ನು ಎಣಿಸುತ್ತಿರಲಿಲ್ಲ, ತೂಗುತ್ತಿದ್ದರು. ಆಮೇಲೆ ಹಡಗಿನಲ್ಲಿ ಪರದೇಶದವರು ಬಂದರು. ಇಷ್ಟೊಂದು ಗೊಂದಲ ಅವರ ಕಣ್ಣಿಗೆ ಹಿಡಿಸಲಿಲ್ಲ. ಎಲ್ಲವನ್ನೂ ಬಾಚಿ ಕರಗಿಸಿ, ಗುಂಡಗಿನ ಒಂದೇ ನಾಣ್ಯ ಮಾಡಿ, ಅದರ ಮೇಲೆ ತಮ್ಮ ರಾಜನ ತಲೆ ಕೂರಿಸಿದರು. ತೆರಿಗೆಯನ್ನು ಆ ನಾಣ್ಯದಲ್ಲೇ ಕಟ್ಟಬೇಕು ಎಂದರು. ಆ ನಾಣ್ಯ ಬೇಕಾದರೆ ಅವರ ತೋಟದಲ್ಲಿ, ಅವರ ಗಣಿಯಲ್ಲಿ ದುಡಿಯಬೇಕು. ಅಂದರೆ ಅವರೇ ಕೊಟ್ಟು, ಅವರೇ ಕಸಿದು, ನಡುವೆ ನಮ್ಮ ಬೆವರನ್ನು ಮಾತ್ರ ಇಟ್ಟುಕೊಳ್ಳುವ ವ್ಯವಸ್ಥೆ. ರಾಜ ಈ ನೆಲದ ಮೇಲೆ ಒಂದು ದಿನವೂ ಕಾಲಿಡಲಿಲ್ಲ. ಅವನ ತಲೆ ಮಾತ್ರ ಬಂದು ದುಡಿಸಿಕೊಂಡು ಹೋಯಿತು.

ಒಂದು ಮಾತು ಒಪ್ಪಬೇಕು, ಬೆಳ್ಳಿ ಮಾತ್ರ ಚೊಕ್ಕ ಇತ್ತು. ಜನ ರಾಜನನ್ನು ನಂಬಲಿಲ್ಲ, ಅವನ ಕೆಳಗಿದ್ದ ಲೋಹವನ್ನು ನಂಬಿದರು.

ಆ ನಂಬಿಕೆಗೂ ಕಲ್ಲು ಬಿದ್ದದ್ದು ಯುದ್ಧದ ಕಾಲದಲ್ಲಿ. ಯುದ್ಧ ಯಾರದೋ, ಯಾರ ಮೇಲೋ. ಬೆಳ್ಳಿ ಸಾಲದೆ ಬಂದಾಗ ರಾಜನ ಕಡೆಯವರು ಇನ್ನೊಂದು ದೊಡ್ಡ ದೇಶದಿಂದ, ಯುದ್ಧ ಮುಗಿದ ಮೇಲೆ ಹಿಂದಿರುಗಿಸುತ್ತೇವೆಂದು ಹೇಳಿ, ಹಡಗುಗಟ್ಟಲೆ ಬೆಳ್ಳಿ ತಂದರು. ಅದೂ ಸಾಲಲಿಲ್ಲ. ನಾಣ್ಯದಲ್ಲಿ ಅರ್ಧ ಬೆಳ್ಳಿ ತೆಗೆದು ಅರ್ಧ ತಾಮ್ರ, ಸತು ಸೇರಿಸಿದರು. ಗಾತ್ರ ಅದೇ, ತೂಕ ಅದೇ, ರಾಜನ ಗತ್ತೂ ಅದೇ. ಕಲ್ಲಿನ ಮೇಲೆ ಎಸೆದರೆ ಮಾತ್ರ ಹಿಂದೆ ಠಣ್ ಎನ್ನುತ್ತಿದ್ದುದು ಈಗ ಠಕ್ ಎಂದು ಸುಮ್ಮನಾಗುತ್ತಿತ್ತು. ಬೀದಿಯಲ್ಲಿ ಯಾರಾದರೂ ಹೀಗೆ ಬೆರಕೆ ಮಾಡಿದ್ದರೆ ಕೈಗೆ ಕೋಳ ಬೀಳುತ್ತಿತ್ತು. ಇದಕ್ಕೆ ಗೆಜೆಟ್ಟಿನಲ್ಲಿ ಜಾಗ ಸಿಕ್ಕಿತು.

ನನ್ನ ಮಾವನ ಮೂಗು ಚರಿತ್ರೆಗೆ ನುಗ್ಗಿದ್ದು ಇದೇ ಸಂದಿಯಲ್ಲಿ. ಅಲ್ಲಿಯವರೆಗೆ ರಾಜನ ತಲೆಯ ಅಚ್ಚುಗಳು ರಾಜನ ಊರಿನಿಂದಲೇ ಹುಲ್ಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದವು. ಯುದ್ಧದಲ್ಲಿ ಹಡಗುಗಳು ಮುಳುಗತೊಡಗಿದ ಮೇಲೆ ಅಚ್ಚು ಬರುವುದು ನಿಂತಿತು. ಹಳೆಯದನ್ನೇ ತಿದ್ದಿ ತಿದ್ದಿ ಓಡಿಸಿ ಎಂದು ದೊಡ್ಡ ಸಾಹೇಬರ ಅಪ್ಪಣೆಯಾಯಿತು. ಮಾವನ ಮೇಜಿಗೆ ಒಂದು ಸವೆದ ಅಚ್ಚು ಬಂತು. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು: ಬಲಕ್ಕೆ ನೋಡುವ ರಾಜ ಅಲ್ಲಿ ಎಡಕ್ಕೆ ನೋಡುತ್ತಾನೆ, ನಾಣ್ಯದಲ್ಲಿ ಉಬ್ಬಬೇಕಾದದ್ದು ಅಲ್ಲಿ ಕುಳಿಯಾಗಿರುತ್ತದೆ. ಮೂಗಿನ ಗೆರೆ ತಿದ್ದುವಾಗ ಮಾವನಿಗೆ ಸೀನು ಬಂತು. ಉಳಿ ಜಾರಿತು. ಮೂಗಿನ ನಡುವೆ ಒಂದು ಕುಳಿ ಬಿತ್ತು. ಅಚ್ಚಿನಲ್ಲಿ ಕುಳಿ ಎಂದರೆ ನಾಣ್ಯದಲ್ಲಿ ಗಂಟು.

ಉಕ್ಕಿಗೆ ಬಿದ್ದ ಕುಳಿ ತುಂಬಲಾಗದು. ಹಾಗಾಗಿ ಮಾವ ಮಾಡಿದ್ದೇನೆಂದರೆ, ಗೋಡೆಗೆ ತೂಗುಹಾಕಿದ್ದ ಕ್ಷೌರದ ಕನ್ನಡಿ ತಂದು ಮುಂದಿಟ್ಟುಕೊಂಡು, ತಮ್ಮ ಮೂಗನ್ನು ಓರೆಯಾಗಿ ನೋಡುತ್ತಾ, ರಾಜನ ಮೂಗಿನ ಉಳಿದ ಭಾಗವನ್ನೂ ಅದಕ್ಕೆ ಹೊಂದುವಂತೆ ತಿದ್ದಿಬಿಟ್ಟರು. ಗಂಟು ಇದ್ದರೆ ಇರಲಿ, ಹುಟ್ಟಿನಿಂದಲೇ ಇದ್ದ ಹಾಗೆ ಕಾಣಲಿ ಎಂದು. ದೊಡ್ಡ ಸಾಹೇಬರು ಭೂತಗನ್ನಡಿ ಹಿಡಿದು ಮೊದಲ ನಾಣ್ಯ ಪರೀಕ್ಷಿಸಿದರು. ಜನ ಅಂಚು ಕೆತ್ತಿ ಬೆಳ್ಳಿ ಕದಿಯದಂತೆ ಸುತ್ತ ಗೀರುಗಳು ಸರಿಯಾಗಿ ಬಿದ್ದಿವೆಯೇ ಎಂಬುದಷ್ಟೇ ಅವರ ಚಿಂತೆ. ತಮ್ಮ ರಾಜನ ಮೂಗನ್ನು ನೋಡುವ ಪುರುಸೊತ್ತು ಅವರಿಗಿರಲಿಲ್ಲ. ಸರಿ ಎಂದು ತಲೆಯಾಡಿಸಿ ಹೋದರು. ಕೆಲವು ವಾರ ಆ ಅಚ್ಚು ಓಡಿತು. ಆಮೇಲೆ ಬಿರುಕು ಬಿಟ್ಟು ಗುಜರಿಗೆ ಹೋಯಿತು.

ಆ ದಿನಗಳ ಬಗ್ಗೆ ಮಾವ ಹೇಳುತ್ತಿದ್ದುದು ಒಂದು, ಅತ್ತೆ ಹೇಳುತ್ತಿದ್ದುದು ಇನ್ನೊಂದು.

"ಹೆದರಿಕೆ ಅಂದ್ರೇನು ಅಂತ ನಂಗೆ ಗೊತ್ತಿರಲಿಲ್ಲ ಅಳಿಯಂದ್ರೇ" ಎನ್ನುತ್ತಿದ್ದರು ಮಾವ.

"ಹೌದೌದು" ಎನ್ನುತ್ತಿದ್ದರು ಅತ್ತೆ, ಒಳಗಿನಿಂದಲೇ. "ಬಾಗಿಲು ಯಾರಾದ್ರೂ ತಟ್ಟಿದ್ರೆ ಮಂಚದ ಕೆಳಗೆ ಹೋಗ್ತಿದ್ರು. ಹೆದರಿಕೆ ಅಂತ ಗೊತ್ತಿರ್ಲಿಲ್ಲ, ಏನೋ ಬಿದ್ದಿದೆ ಹುಡುಕ್ತಿದೀನಿ ಅಂದ್ಕೊಂಡಿದ್ರು."

ಪರದೇಶದವರು ಹೊರಟುಹೋದ ಮರುದಿನದಿಂದ ಕತೆಯ ಬಣ್ಣ ಬದಲಾಯಿತು. ಮೊದಮೊದಲು ಸೀನು ಬಂದು ಉಳಿ ಜಾರಿತ್ತು. ಆಮೇಲೆ ಉಳಿ ತಾನೇ ಜಾರಿದ್ದಲ್ಲ, ಜಾರಿಸಿದ್ದು ಎಂದಾಯಿತು. ನನ್ನ ಮದುವೆಯ ಹೊತ್ತಿಗೆ ಸೀನು ಪೂರಾ ಮಾಯವಾಗಿ, ಮಾವ ಹಲ್ಲು ಕಚ್ಚಿ, ದೇಶವನ್ನು ನೆನೆದು, ದುಷ್ಟ ರಾಜನ ಮುಖ ಕೆಡಿಸಿದ ವೀರರಾಗಿದ್ದರು. ನಾನು ಒಮ್ಮೆ ಕೇಳಿದೆ, "ಮಾವ, ಮುಖ ಕೆಡಿಸಿದ್ದು ನಿಮ್ಮ ಮೂಗಿನಿಂದ ಅಂದ್ರೆ, ನಿಮ್ಮ ಮೂಗು ಕೆಟ್ಟದ್ದು ಅಂತ ಆಗಲ್ವಾ?" ಅವರು ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಆ ವಾರಗಳಲ್ಲಿ ಊಟ ಬಿಸಿಯಾಗಿ ಸಿಕ್ಕಿತು.

ಇಲ್ಲಿಗೇ ನಿಂತಿದ್ದರೆ ಇದು ಬರೀ ತಮಾಷೆಯ ಮನುಷ್ಯನ ಕತೆಯಾಗುತ್ತಿತ್ತು. ಆದರೆ ನನ್ನ ಮಾವನಿಗೆ ಸರ್ಕಾರದ ಹುಚ್ಚೂ ಇತ್ತು, ಅದು ಯಾವ ಸರ್ಕಾರವಾದರೂ ಸರಿ.

ಸ್ವಾತಂತ್ರ್ಯ ಬಂದು ಸ್ವಲ್ಪ ಕಾಲಕ್ಕೇ ಸಾಲ ಕೊಟ್ಟ ದೊಡ್ಡ ದೇಶ ತನ್ನ ಬೆಳ್ಳಿ ಕೇಳಿತು. ತಂದವರು ಊರು ಬಿಟ್ಟಾಗಿತ್ತು, ಮನೆಯಲ್ಲಿ ಉಳಿದವರು ನಾವು. ಹೊಸ ಸರ್ಕಾರ ಪ್ರಕಟಣೆ ಹೊರಡಿಸಿತು: ರಾಜನ ಮುಖದ ಬೆಳ್ಳಿ ನಾಣ್ಯಗಳನ್ನು ತಂದು ಕೊಡಿ, ಬದಲಿಗೆ ಹೊಸ ನಿಕ್ಕಲ್ ನಾಣ್ಯ ಪಡೆಯಿರಿ, ಅವಧಿ ಮುಗಿದ ಮೇಲೆ ಹಳೆಯದು ಚಲಾವಣೆಯಲ್ಲಿ ಇರುವುದಿಲ್ಲ. ಅಷ್ಟೇ. ಆ ಪ್ರಕಟಣೆ ನಮ್ಮ ಮಾವನ ಬಾಯಿಗೆ ಬಂದದ್ದೇ ತಡ, ಮೈಕೈ ತುಂಬಿಕೊಂಡಿತು. ಯಾರೂ ನೇಮಿಸದಿದ್ದರೂ ಅವರು ಬೀದಿಯ ಮೇಲ್ವಿಚಾರಕರಾದರು. ಟಂಕಸಾಲೆಯ ಟೋಪಿ ಹಾಕಿಕೊಂಡು ಮನೆ ಮನೆಯ ಬಾಗಿಲು ತಟ್ಟಿ, "ರಾಜನ ಮುಖ ಇರೋ ಬೆಳ್ಳಿ ಒಂದೇ ಒಂದು ಸಿಕ್ಕಿದ್ರೂ ಜೈಲು. ಹೆಂಗಸರು ಅಂತ ನೋಡಲ್ಲ" ಎಂದು ಸಾರಿದರು. ಜೈಲು ಎಂಬ ಮಾತು ಸರ್ಕಾರದ್ದಲ್ಲ. ರಾಜನ ಮೂಗಿಗೆ ಗಂಟು ಸೇರಿಸಿದವರಿಗೆ ಪ್ರಕಟಣೆಗೆ ಜೈಲು ಸೇರಿಸುವುದು ಯಾವ ಮಹಾ ಕೆಲಸ?

ಜನ ಬೆಚ್ಚಿಬಿದ್ದು ಡಬ್ಬಿ, ಮಡಕೆ, ಸೀರೆಯ ಗಂಟು ಎಲ್ಲ ಬಿಚ್ಚಿದರು. ಅತ್ತೆಯ ಪೆಟ್ಟಿಗೆಯನ್ನು ಮಾವ ಸ್ವತಃ ತಲೆಕೆಳಗು ಮಾಡಿ ಕೊಡವಿದರು. ಎದುರು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಒಬ್ಬಳೇ ಬದುಕುತ್ತಿದ್ದ ಹೆಂಗಸನ್ನು ಬೀದಿಯೆಲ್ಲ ಹೊಲಿಗೆಯಕ್ಕ ಎನ್ನುತ್ತಿತ್ತು. ಅವಳ ಮನೆಗೆ ಮಾವ ಎರಡೆರಡು ಸಲ ಹೋದರು. ಒಂಟಿ ಹೆಂಗಸರೇ ಹೆಚ್ಚು ಬಚ್ಚಿಡುವುದು ಎಂದು ಅವರ ಶಂಕೆ. ಅವಳು ಗಂಟು ತಂದು ಅವರ ಮುಂದೆ ಸುರಿದಳು. ಆ ಬೆಳ್ಳಿಯನ್ನೆಲ್ಲ ಟಂಕಸಾಲೆಯ ಕುಲುಮೆಗೆ ಹಾಕಿ ಗಟ್ಟಿ ಎರೆದು ಹಡಗಿಗೆ ಏರಿಸಿದರು. ಸಾಲ ಮಾಡಿದವನು ರಾಜ, ತೀರಿಸಿದವಳು ಹೊಲಿಗೆಯಕ್ಕ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮಾವ ಟಂಕಸಾಲೆಯಿಂದ ನಿವೃತ್ತರಾದ ಮೇಲೆ ಸ್ವಾತಂತ್ರ್ಯದ ಬೆಳ್ಳಿಹಬ್ಬ ಬಂತು. ರಾಜನ ಆಳ್ವಿಕೆಯನ್ನು ಎದುರಿಸಿದ ಸಾಮಾನ್ಯರನ್ನು ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಪದಕ ಕೊಡುವುದೆಂದು ಒಂದು ಸಮಿತಿಯಾಯಿತು. ಅಧ್ಯಕ್ಷರು ಹಳೆಯ ವಕೀಲರು. ಅವರ ಕಚೇರಿಯ ಮುಂದೆ ವೀರರ ಸಾಲೇ ನಿಂತಿತು. ಪರದೇಶದ ಅಧಿಕಾರಿಯ ಸಾರಿನಲ್ಲಿ ದಿನವೂ ಉಗುಳುತ್ತಿದ್ದೆನೆಂದು ಒಬ್ಬ ಅಡುಗೆಯವನು ಬಂದಿದ್ದ. ಅವರ ಕಾಗದಗಳನ್ನು ಬೇಕೆಂದೇ ತಡವಾಗಿ ಮುಟ್ಟಿಸುತ್ತಿದ್ದೆನೆಂದು ಒಬ್ಬ ಅಂಚೆಯವನು ಬಂದಿದ್ದ, ನಮ್ಮ ಕಾಗದಗಳೂ ತಡವಾಗಿಯೇ ಬರುತ್ತಿದ್ದವು ಎಂಬುದನ್ನು ಯಾರೂ ಎತ್ತಲಿಲ್ಲ. ನನ್ನ ಮಾವ ಇಸ್ತ್ರಿಯ ಅಂಗಿ ತೊಟ್ಟು ಹೋದರು. ಜೊತೆಗೆ ಕೈಚೀಲ ಹಿಡಿಯಲು ನಾನು.

ವಕೀಲರು ಪೂರಾ ಕೇಳಿಸಿಕೊಂಡರು. ಮಾವ ಮಾತಿನ ನಡುನಡುವೆ ಪಕ್ಕಕ್ಕೆ ತಿರುಗುತ್ತಿದ್ದುದರಿಂದ ಅವರಿಗೆ ಅರ್ಧ ಮಾತು ಕೇಳಿಸಿತೋ ಇಲ್ಲವೋ.

"ಎಲ್ಲಾ ಸರಿ ಯಜಮಾನ್ರೇ" ಎಂದರು. "ಒಂದು ನಾಣ್ಯ ತಂದು ತೋರಿಸಿ. ಮೂಗು ಇದ್ರೆ ವೇದಿಕೇಲಿ ಮೊದಲ ಸಾಲಲ್ಲಿ ಕುರ್ಚಿ ಹಾಕಿಸ್ತೀನಿ. ಇಲ್ದಿದ್ರೆ ನೀವೂ ಆ ಸಾರಿನವನೂ ಒಂದೇ."

ಸಾರಿನವನೂ ತಾವೂ ಒಂದೇ ಎಂಬ ಮಾತು ಮಾವನಿಗೆ ತಾಗಿತು. ಅವತ್ತಿನಿಂದ ಅವರಿಗೆ ಊಟ ರುಚಿಸಲಿಲ್ಲ. ಅಕ್ಕಸಾಲಿಗರ ಅಂಗಡಿ, ಗುಜರಿ, ಹಳೆಯ ಸಾಮಾನಿನ ಸಂತೆ ಎಲ್ಲ ಸುತ್ತಿದೆವು. ಅಲ್ಲೊಂದು ಇಲ್ಲೊಂದು ರಾಜನ ನಾಣ್ಯ ಸಿಕ್ಕಿತು. ಎಲ್ಲದರಲ್ಲೂ ಮೂಗು ನೆಟ್ಟಗೆ, ರಾಜನೂರಿನ ಅಚ್ಚಿನದು. ಗಂಟಿನ ನಾಣ್ಯ ಬಂದದ್ದೇ ಕಡಿಮೆ, ಬಂದಷ್ಟೂ ನಮ್ಮ ಸುತ್ತಮುತ್ತ ಹಂಚಿಹೋಗಿತ್ತು, ಹಂಚಿದ್ದನ್ನೆಲ್ಲ ಬಾಚಿ ಕುಲುಮೆಗೆ ಕೊಟ್ಟವರು ಇವರೇ. ಜೀವಮಾನದ ಹೆಮ್ಮೆಯನ್ನು ತಾವೇ ಟೋಪಿ ಹಾಕಿಕೊಂಡು ಹೋಗಿ ಕರಗಿಸಿ ಬಂದಿದ್ದರು. ನಾನು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಲು ನಾಲಿಗೆ ತುರಿಸುತ್ತಿದ್ದುದು ನಿಜ.

ಅವರು ತಟ್ಟೆ ಸರಿಸಿ ಎದ್ದ ಒಂದು ಮಧ್ಯಾಹ್ನ ಅತ್ತೆಗೆ ತಡೆಯಲಾಗಲಿಲ್ಲ.

"ರೀ, ಎದುರು ಮನೇಲಿ ಕೇಳಿ ನೋಡಿ."

"ಅವಳ ಹತ್ರ ಎಲ್ಲಿಂದ ಬರುತ್ತೆ? ನಾನೇ ಎಲ್ಲಾ ಈಸ್ಕೊಂಡು ಬಂದಿದೀನಲ್ಲ!"

"ಒಂದು ಇಟ್ಕೊಂಡ್ಲು. ಆಗಲೇ ನಂಗೆ ಹೇಳಿದ್ಲು. ಆ ಗಂಟಿನ ಮೂಗಿಂದೇ. ನಿಮಗೆ ಆಗ ಸಂಬಳ ಅದರಲ್ಲೇ ಬರ್ತಿತ್ತಲ್ಲ, ಕೋಟು ಹೊಲಿದಿದ್ದಕ್ಕೆ ನೀವೇ ಕೊಟ್ಟಿದ್ದು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವಳನ್ನ ಜೈಲಿಗೆ ಹಾಕಿಸ್ತಿದ್ರಿ" ಎಂದು ಅತ್ತೆ ತಟ್ಟೆ ಎತ್ತಿಕೊಂಡು ಹೋದರು.

ಮಾವನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಮುಖ ದೀಪ ಹಚ್ಚಿದ ಹಾಗಾಯಿತು. ಹಾಗೇ ಹೋಗಿ ಕೇಳಲು ಮಾತ್ರ ಮಾನ ಅಡ್ಡ ಬಂತು. ವೇದಿಕೆಗೆ ಹೊಸ ಅಂಗಿ ಹೊಲಿಸುವ ನೆಪದಲ್ಲಿ ಬಟ್ಟೆ ಕೊಂಡು, ಅದನ್ನು ನನ್ನ ಕಂಕುಳಿಗೆ ಸಿಕ್ಕಿಸಿ, ರಸ್ತೆ ದಾಟಿದರು.

ಹೊಲಿಗೆಯಕ್ಕನ ಮುಂದಿನ ಕೋಣೆಯಲ್ಲಿ ಯಂತ್ರ, ನೇತುಹಾಕಿದ ಅರ್ಧ ಹೊಲಿದ ಅಂಗಿಗಳು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಮೇಜು ನಾನು ಎಷ್ಟೋ ಸಲ ನೋಡಿದ್ದೆ. ಬಟ್ಟೆ ಜರುಗದ ಹಾಗೆ ಅದರ ಮೇಲೆ ಭಾರಕ್ಕೆಂದು ಒಂದು ಹಳೆಯ ಬೀಗ, ಒಂದು ನುಣುಪು ಕಲ್ಲು, ಒಂದು ಗುಂಡನೆಯ ಬಿಲ್ಲೆ ಯಾವಾಗಲೂ ಇರುತ್ತಿದ್ದವು. ಅವಳಿಗೂ ವಯಸ್ಸಾಗಿತ್ತು, ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಬನ್ನಿ ಅಣ್ಣ" ಎಂದಳು. "ಅಂಗಿನಾ?"

"ಅಂಗೀನೇ" ಎಂದರು ಮಾವ. ಆಮೇಲೆ ಹವಾಮಾನ ವಿಚಾರಿಸಿದರು. ಯಂತ್ರದ ಆರೋಗ್ಯ ವಿಚಾರಿಸಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು, "ನೋಡಮ್ಮ, ಆಗಿನ ಒಂದು ಬೆಳ್ಳಿ ನಾಣ್ಯ ನಿನ್ನ ಹತ್ರ ಇದೆ ಅಂತ ಗೊತ್ತಾಯ್ತು. ಹೆದರ್ಬೇಡ. ಅದರಲ್ಲಿ ನನ್ನ ಮೂಗಿದೆ. ಒಂದು ದಿನದ ಮಟ್ಟಿಗೆ ಕೊಡು, ವಾಪಸ್ ತಂದ್ಕೊಡ್ತೀನಿ" ಎಂದರು.

ಅವಳು ಕತ್ತರಿ ಕೆಳಗಿಟ್ಟಳು. ಮೇಜಿನ ಮೇಲಿದ್ದ ಗುಂಡನೆಯ ಬಿಲ್ಲೆಯನ್ನು ಎತ್ತಿ ಅವರ ಅಂಗೈಯಲ್ಲಿಟ್ಟಳು.

ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಡೆ ಬೆಲೆ, ಇಸವಿ ಎಲ್ಲ ಇತ್ತು. ತಿರುಗಿಸಿದರು. ಆ ಕಡೆ ಏನೂ ಇರಲಿಲ್ಲ. ರಾಜ ಇಲ್ಲ, ಕಿರೀಟ ಇಲ್ಲ, ಮೂಗಿಲ್ಲ. ಕನ್ನಡಿಯ ಹಾಗೆ ನುಣ್ಣಗಿತ್ತು.

"ಮುಖ ಎಲ್ಲಮ್ಮ?" ಎಂದರು.

"ನೀವೇ ಹೇಳಿದ್ರಲ್ಲಣ್ಣ, ರಾಜನ ಮುಖ ಇರೋ ಬೆಳ್ಳಿ ಮನೇಲಿದ್ರೆ ಜೈಲು ಅಂತ. ನನ್ನ ದುಡಿಮೆಗೆ ಅಂತ ಸಿಕ್ಕಿದ ಮೊದಲನೇ ಬೆಳ್ಳಿ ಅದು, ನೀವು ಕೊಟ್ಟಿದ್ದು. ಕೊಡೋಕೆ ಮನಸ್ಸು ಬರ್ಲಿಲ್ಲ. ಅದಕ್ಕೆ ಮುಖ ತೆಗೆದೆ. ಹಿತ್ತಲಲ್ಲಿ ಒಗೆಯೋ ಕಲ್ಲಿನ ಮೇಲೆ ಉಜ್ಜಿ ಉಜ್ಜಿ."

"ಪೂರ್ತಿ?"

"ಪೂರ್ತಿ. ಮೂಗು ಎದ್ದು ನಿಂತಿತ್ತು ನೋಡಿ, ಮೊದಲು ಅದೇ ಹೋಯ್ತು."

ನಾನು ನಗಲು ಸಿದ್ಧನಾಗಿದ್ದೆ. ವರ್ಷಗಟ್ಟಲೆ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡವನು ನಾನು, ನನಗೆ ಆ ಹಕ್ಕಿತ್ತು. ಆದರೆ ಮಾವ ಆ ಬೋಳು ಬೆಳ್ಳಿಯ ಮೇಲೆ ಹೆಬ್ಬೆರಳಿನಿಂದ ಮೂಗಿದ್ದ ಜಾಗವನ್ನು ಸವರುತ್ತಾ ನಿಂತದ್ದು ನೋಡಿ ನಗು ಬರಲಿಲ್ಲ. ಪಾಪ ಅನ್ನಿಸಿತು. ಅವರ ಮೇಲೆ ಪಾಪ ಅನ್ನಿಸುತ್ತಿದೆಯಲ್ಲ ಎಂದು ಸಿಟ್ಟೂ ಬಂತು.

"ಜೈಲು ಅಂತ ಸರ್ಕಾರ ಹೇಳಿರಲಿಲ್ಲಮ್ಮ" ಎಂದರು ಮಾವ, ಕೊನೆಗೆ. "ಅದು ನಾನೇ ಸೇರಿಸಿದ್ದು."

ಹೊಲಿಗೆಯಕ್ಕ ಕನ್ನಡಕದ ಮೇಲಿನಿಂದ ಅವರನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ತನ್ನ ಬಲಗೈ ಬೆರಳುಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು.

"ಬೆರಳೆಲ್ಲ ಸಿಪ್ಪೆ ಎದ್ದಿತ್ತಣ್ಣ ಅವತ್ತು" ಎಂದಳು. "ಆ ವಾರ ಸೂಜಿ ಹಿಡಿಯೋಕಾಗ್ಲಿಲ್ಲ."

ಮಾವ ಬಿಲ್ಲೆಯನ್ನು ಮೇಜಿನ ಮೇಲೆ, ಮೊದಲು ಎಲ್ಲಿತ್ತೋ ಅಲ್ಲೇ ಇಟ್ಟರು. ಹೊರಡುತ್ತಾರೆ ಎಂದು ನಾನು ಬಟ್ಟೆಯನ್ನು ಮತ್ತೆ ಕಂಕುಳಿಗೆ ಏರಿಸಿದೆ. ಅವಳು ಅದನ್ನು ನನ್ನಿಂದ ಎಳೆದುಕೊಂಡು, ಕೊರಳಲ್ಲಿದ್ದ ಅಳತೆಯ ಟೇಪು ತೆಗೆದಳು. ವೇದಿಕೆಯಿಲ್ಲದಿದ್ದರೂ ಅಂಗಿ ಬೇಕಲ್ಲ ಎನ್ನುವ ಹಾಗೆ.

ಮಾವ ರೂಢಿಯಂತೆ ಪಕ್ಕಕ್ಕೆ ತಿರುಗಿ ನಿಂತರು.

"ಹಾಗೆ ನಿಂತ್ರೆ ಎದೆ ಅಳತೆ ಸಿಗಲ್ಲ" ಎಂದಳು ಹೊಲಿಗೆಯಕ್ಕ. "ಈ ಕಡೆ ತಿರುಗಿ. ನನ್ನ ಮುಖ ನೋಡಿ ನಿಲ್ಲಿ."

ಮಾವ ತಿರುಗಿದರು. ಅವಳು ಅಳತೆ ತೆಗೆಯುವಷ್ಟು ಹೊತ್ತೂ ಅವರಿಗೆ ಅವಳ ಮುಖವನ್ನು ನೋಡಲು ಆಗಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತಾ ನಿಂತಿದ್ದರು.